ಜೋಡಿಸದೆ ಉಳಿದ ತೋಳು

ಬೀದಿಗೆಲ್ಲ ಅವರು ಸೂಜಿ ಮಾವ, ಮಗಳೊಬ್ಬಳಿಗೆ ಮಾತ್ರ ಅಪ್ಪ. ವಯಸ್ಸು ಎಪ್ಪತ್ತಾರು, ಹೆಂಡತಿ ತೀರಿಕೊಂಡು ಬಹುಕಾಲವಾಗಿತ್ತು. ಆ ದರ್ಜಿ ಹೊಲಿಗೆ ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚೆಂದು ಮಗಳು ಈಗಲೂ ನೆನೆದು ನಗುತ್ತಾಳೆ. ಗಿರಾಕಿ ತೊಟ್ಟು ಮೆಚ್ಚಿಕೊಂಡ ಅಂಗಿಯನ್ನೂ ಮೈಮೇಲಿಂದ ಕಳಚಿಸಿ, ಕಾಲರಿನಲ್ಲಿ ಎಳ್ಳಷ್ಟು ಸೊಟ್ಟ ಕಂಡುಹಿಡಿದು, ಬಿಚ್ಚಲೆಂದು ಕಿಟಕಿಯ ಬೆಳಕಿಗೆ ಕೂತುಬಿಡುತ್ತಿದ್ದರು. "ಕೈ ಕೆಸರಾದರೆ ಬಾಯಿ ಮೊಸರು" ಎಂಬುದು ಅವರಿಗೆ ದೇವವಾಕ್ಯ. "ಅದು ಬೈಬಲ್‌ನಲ್ಲಿ ಇಲ್ಲ, ಮಾವ" ಎಂದು ಪಾದ್ರಿಗಳು ನಕ್ಕರೆ, "ಇರಬೇಕಿತ್ತು, ಫಾದರ್" ಎನ್ನುವರು. ದೇವರ ಮುಂದೆ ನಿಲ್ಲುವ ದಿನಕ್ಕೆಂದು ತಮಗೊಂದು ಬಿಳಿ ಅಂಗಿ ಹೊಲಿಯತೊಡಗಿ ವರ್ಷಗಳೇ ಸಂದಿದ್ದವು. ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರು, ಆ ವಾರ ಆಡಿದ ಒಂದು ಬಿರುಸು ಮಾತು ನೆನಪಾದರೂ ಸಾಕು, ಅದರ ತೋಳನ್ನು ಬಿಚ್ಚಿ ಮತ್ತೆ ಹೊಲಿಯುವರು. "ಸಿಟ್ಟಲ್ಲಿದ್ದಾಗ ಹಾಕಿದ ಹೊಲಿಗೆ ದೇವರ ಮುಂದೆ ನಿಲ್ಲಲ್ಲ ಕಣಮ್ಮ." ಕೊನೆಯ ಚಳಿಗಾಲದಲ್ಲಿ, ಎಡದೋಳು ಬಿಚ್ಚಿ ಇಟ್ಟಿದ್ದಾಗಲೇ, ಕೈ ನಡುಗಿ ಸೂಜಿ ಹಿಡಿಯಲಾಗದೆ ಹೋಯಿತು. "ಕೊಡಪ್ಪ, ನಾನು ಜೋಡಿಸ್ತೀನಿ" ಎಂದು ಮಗಳು ಕೈಚಾಚಿದಳು. ಅವರು ಬಿಚ್ಚಿದ ತೋಳನ್ನು ಮಡಿಸಿ ಹೊಲಿಗೆಯಂತ್ರದ ಮೇಲಿಟ್ಟರು. "ಬೇಡ ಬಿಡು. ಯೇಸುವಿನ ಪಕ್ಕದ ಶಿಲುಬೇಲಿದ್ದ ಕಳ್ಳ ಯಾವ ಅಂಗಿ ಹೊಲ್ಕೊಂಡು ಹೋದ? ಕರುಣೆ ಕೇಳಿದ, ಸ್ವರ್ಗದೊಳಗೆ ಬಿಟ್ರು. ನನಗೂ ಹೀಗೇ ತೊಡಿಸು" ಎಂದವರು, ಎಷ್ಟೋ ವರ್ಷಗಳ ಮೇಲೆ ಅಂದು ಮಧ್ಯಾಹ್ನ ನಿಶ್ಚಿಂತೆಯಿಂದ ನಿದ್ದೆಹೋದರು. ಕಾಲ ಬಂದಾಗ ಮಗಳು ಹಾಗೆಯೇ ತೊಡಿಸಿ ಕಳುಹಿಸಿದಳು. ಅವರು ಬಿಟ್ಟುಹೋದದ್ದು: ಕತ್ತರಿ, ಅಂಕಿ ಮಾಸಿದ ಅಳತೆ ಟೇಪು, ಹಿಡಿ ಸವೆದ ಇಸ್ತ್ರಿಪೆಟ್ಟಿಗೆ, ಹೊಲಿಗೆಯಂತ್ರದ ಮೇಲೆ ಮಡಿಸಿಟ್ಟ ಬಿಳಿಯ ಎಡದೋಳು.