ಒಡಪಿಗೆ ನಿಲ್ಲದ ಪೆಟ್ಟಿಗೆ

ಆ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಅಂಗೈಯಲ್ಲೇ ಇಂಗಿಹೋಗುತ್ತಿತ್ತು. ಗೋಡೆಗೆಲ್ಲ ಗೋಣಿಬಟ್ಟೆ, ಬಾಗಿಲಿಗೂ ಮೆತ್ತೆ. ಹಾರ್ಮೋನಿಯಂ ನುಡಿಸಲು ಮದ್ರಾಸಿನ ಸ್ಟುಡಿಯೋಗೆ ಹೋದ ಮೊದಲ ದಿನ ನನ್ನ ಕಿವಿಯೇ ಕೆಟ್ಟಿತೇನೋ ಎಂದು ಹೆದರಿದೆ. ನಮ್ಮ ಹಿರೇನಲ್ಲೂರಿನ ಮಠದಲ್ಲಿ ಭಜನೆಗೆ ಕೂತರೆ ಸ್ವರ ಕಂಬಗಳನ್ನೆಲ್ಲ ಸುತ್ತಿ ಮತ್ತೆ ನನ್ನ ಹತ್ತಿರ ಬರುತ್ತಿತ್ತು.

ಮದುವೆಯಾಗಿ ಇಲ್ಲಿಗೆ ಬಂದ ನಾನು ಮೊದಲು ಕಲಿತ ತಮಿಳು ‘ಕೊಂಜಂ ಇರುಂಗ’. ಸ್ವಲ್ಪ ತಾಳಿ ಎಂದರ್ಥ. ಕೊಳಾಯಿಯ ಹತ್ತಿರ ಅದೇ ಮಾತು; ಹಾರ್ಮೋನಿಯಂ ಕಂಡು ಮನೆ ಕೊಡಲು ಅನುಮಾನಿಸಿದ ಮಾಲೀಕರದ್ದೂ ಅದೇ. ಕೇಳ್ವರಗು ಎಂದು ಕೇಳಿದರೆ ರಾಗಿ ಸಿಗುತ್ತದೆಂದು ತಿಳಿಯದೆ ಒಂದು ತಿಂಗಳು ಮುದ್ದೆಯ ಮುಖ ಕಾಣಲಿಲ್ಲ. ಅತ್ತದ್ದೂ ಉಂಟು.

ಸ್ಟುಡಿಯೋದಲ್ಲಿ ತಾನಾಗಿ ತಾಳ ಹಾಕುವ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆಯಿತ್ತು. ಎಲ್ಲರೂ ಊಟಕ್ಕೆ ಹೋದಾಗ ಅದರ ಗುಂಡಿಗಳನ್ನು ಒತ್ತಿ ಒತ್ತಿ ಕಲಿತೆ. ಮೂರು ವರ್ಷವಾದ ಮೇಲೆ ಸ್ಟುಡಿಯೋ ಮಾಲೀಕರು, ಒಂದು ಹಾಡು ನೀವೇ ಕಟ್ಟಿ, ಚೆನ್ನಾಗಿ ಬಂದರೆ ಇಡೀ ಕ್ಯಾಸೆಟ್ಟು ನಿಮ್ಮದು, ಇಲ್ಲದಿದ್ದರೆ ಹಾರ್ಮೋನಿಯಂ ಇದ್ದೇ ಇದೆ ಎಂದರು. ನಾನು ಊರಿಗೆ ಕಾಗದ ಬರೆದು ದೊಡ್ಡಪ್ಪನನ್ನು ಕರೆಸಿದೆ. ವೀರಗಾಸೆಗೆ ಕರಡೆ ಬಾರಿಸುವುದರಲ್ಲಿ ಅವರದು ಎತ್ತಿದ ಕೈ. ಬೀರೂರಿನಲ್ಲಿ ರೈಲು ಹತ್ತಿ, ದಾರಿಯುದ್ದಕ್ಕೂ ಕರಡೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು.

ಪೆಟ್ಟಿಗೆಯ ತಾಳಕ್ಕೆ ಅವರ ಕರಡೆ ಚೆನ್ನಾಗಿಯೇ ಕೂಡಿತು. ಆಮೇಲೆ ಅವರು ಕೋಲು ಎತ್ತಿಹಿಡಿದು ಒಡಪು ಶುರುಮಾಡಿದರು. ವೀರಭದ್ರನ ಕಥೆಯನ್ನು ಏರುದನಿಯಲ್ಲಿ ಹೇಳುವ ಮಾತು ಅದು. ಪೆಟ್ಟಿಗೆ ಟಕಟಕ ಎನ್ನುತ್ತಲೇ ಇತ್ತು.

“ಒಡಪು ಹೇಳೋವಾಗ ವಾದ್ಯ ನಿಲ್ಬೇಕು ಅಂತ ನಿಂಗೊತ್ತಿಲ್ವೇನಮ್ಮಾ?”

“ಅದು ಮಿಷನ್ನು ದೊಡ್ಡಪ್ಪ, ನಿಲ್ಲಲ್ಲ. ನೀವೇ ಅದರ ಜತೆ ಹೋಗಿ.”

“ಹಂಗಾದ್ರೆ ಒಡಪೂ ಅದ್ರ ಕೈಲೇ ಹೇಳಿಸ್ಕೋ. ನಾನು ಬತ್ತೀನಿ,” ಎಂದು ಕರಡೆಗೆ ಗೌಸು ಹಾಕತೊಡಗಿದರು.

“ಕೊಂಜಂ ಇರುಂಗ,” ಅಂದುಬಿಟ್ಟೆ.

“ಏನಂದೆ?”

“ಸ್ವಲ್ಪ ತಾಳಿ ಅಂದೆ.” ನನಗೆ ಭೂಮಿಗಿಳಿದು ಹೋದಂತಾಯಿತು. ಹುಟ್ಟಿದಾಗಿನಿಂದ ಕೇಳಿದ್ದ ಆ ನಿಲುಗಡೆಯನ್ನು ಮೂರೇ ವರ್ಷದಲ್ಲಿ ಮರೆತಿದ್ದೆ.

ಪೆಟ್ಟಿಗೆಯನ್ನು ಮಡಿಲಿಗೆಳೆದುಕೊಂಡು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕೂತೆ. ಅವರ ಕೋಲು ಮೇಲೆದ್ದಾಗ ನಿಲ್ಲಿಸಬೇಕು, ಇಳಿದಾಗ ಬಿಡಬೇಕು. ನಾಲ್ಕು ಸಲ ತಪ್ಪಿದೆ. ಐದನೆಯ ಸಲ ಸರಿಹೋಯಿತು. ಆಮೇಲೆ ದೊಡ್ಡಪ್ಪ ನನ್ನ ಕಡೆ ನೋಡಲೇ ಇಲ್ಲ. ಅಷ್ಟು ನಂಬಿಕೆ ಬಂದಿತ್ತು. ಕ್ಯಾಸೆಟ್ಟು ನನ್ನದಾಯಿತು.

ಈಚೆಗೆ ತಂಗಿಯ ಮದುವೆಗೆ ಊರಿಗೆ ಹೋಗಿದ್ದೆ. ವೀರಭದ್ರನ ಗುಗ್ಗಳದ ಮೆರವಣಿಗೆಯಲ್ಲಿ ದೊಡ್ಡಪ್ಪ ಒಡಪಿಗೆ ಕೋಲೆತ್ತಿದರು. ಹೆಂಗಸರ ಮಧ್ಯೆ ಆರತಿ ತಟ್ಟೆ ಹಿಡಿದು ನಿಂತಿದ್ದ ನನ್ನ ಹೆಬ್ಬೆರಳು ತಟ್ಟೆಯ ಅಂಚನ್ನು ಗಟ್ಟಿಯಾಗಿ ಒತ್ತಿತು. ಕೋಲು ಇಳಿಯುವವರೆಗೂ ಬಿಡಲಿಲ್ಲ.