ತಪ್ಪು ಉತ್ತರಗಳ ಕೋಣೆ

ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಗಣಿತ ಕಲಿಸುವ ಬಗೆಯನ್ನು ಅಭ್ಯಾಸ ಮಾಡುವ ಆ ವಿಭಾಗದಲ್ಲಿ, ಹಳೆಯ ದಾಖಲೆ ಕಾಯುವಾಕೆಯನ್ನು ಮೇಷ್ಟ್ರುಗಳೂ ಅಕ್ಕ ಎಂದೇ ಕರೆಯುವುದು. ಆಕೆಯ ಕೋಣೆಯ ತುಂಬ ಮಕ್ಕಳ ತಪ್ಪು ಉತ್ತರಗಳು. ಮಗು ಎಲ್ಲಿ ಎಡವುತ್ತದೆಂದು ತಿಳಿಯಲು ಹಿಂದಿನವರು ಶಾಲೆ ಶಾಲೆ ಅಲೆದು ತಂದ ಹಾಳೆಗಳು. ಹಾಳೆ ತಿನ್ನುವ ಜಿರಲೆ ಕಂಡರೆ ಸಾಕು, ಅಕ್ಕ ಮನೆಗೆ ಕಳ್ಳ ನುಗ್ಗಿದಂತೆ ಕೂಗಾಡುತ್ತಾಳೆ. ಯಾರಾದರೂ ಹಾಳೆ ಓದಿ ನಕ್ಕರೆ ಮುಖ ಗಂಟಿಕ್ಕುತ್ತಾಳೆ: "ನಗೋದಾದ್ರೆ ಹೊರಗೆ ಹೋಗಿ ನಗಿ. ಚಂದ್ರ ನಮ್ಮ ಹಿಂದೇನೇ ಬರ್ತಾನೆ ಅಂತ ನಿಮಗೂ ಅನ್ನಿಸಿರಲಿಲ್ವಾ?" ಕೋಣೆ ತೆರವು ಮಾಡಬೇಕೆಂದು ಆದೇಶ ಬಂದಾಗ ಮುಖ್ಯಸ್ಥರು ತಗ್ಗಿದ ದನಿಯಲ್ಲಿ, "ಒಂದು ಕಪಾಟು ಉಳಿಸ್ಕೊಡ್ತೀನಿ ಅಕ್ಕ, ಒಳ್ಳೇದನ್ನ ಆರಿಸಿಡಿ" ಎಂದರು. "ಆರಿಸೋದು ಹೇಗೆ ಸಾರ್? ಒಂದ್ಸಲ ತಪ್ಪು ಅನ್ನಿಸ್ಕೊಂಡು ಬಂದಿರೋ ಮಕ್ಕಳು. ಈಗ ನಾನೂ ಬೇಡ ಅನ್ಲಾ?" ಕೊನೆಗೆ ಕಣ್ಣು ಮುಚ್ಚಿ, ಕೈಗೆ ಸಿಕ್ಕ ಕಂತೆಗಳನ್ನೇ ಕಪಾಟಿಗೆ ತುಂಬಿದಳು. ಉಳಿದವನ್ನು ಒಯ್ಯಲು ರದ್ದಿಯವನ ಗಾಡಿ ಬಂತು. ಅವನು ಎಷ್ಟು ಅವಸರ ಮಾಡಿದರೂ ಕಿವಿಗೊಡದೆ, ಶಾಲೆಗೆ ಹೊರಟ ಮಕ್ಕಳ ತಲೆ ಬಾಚುವಂತೆ ಪ್ರತಿ ಕಂತೆಯ ಧೂಳೊರೆಸಿ, ಸಡಿಲಾದ ದಾರ ಬಿಗಿದು, ಒಂದೊಂದನ್ನೇ ಅವನ ಕೈಗೆ ಕೊಟ್ಟಳು. "ಎಸೀಬೇಡಪ್ಪಾ," ಎಂದಳು, "ಮೆಲ್ಲಗೆ ಇಡು."