ಮಗಳಿಗೆ ಎಚ್.ಆರ್. ಯಾಕೆ ಬೇಕಿತ್ತು?

"ನಿಮ್ಮ ವೀಕ್‌ನೆಸ್ ಏನು?" ಎಂದು ಕಳೆದ ಭಾನುವಾರ ಮಗಳನ್ನು ಕೇಳಿದೆ.

"ನಮ್ಮಪ್ಪ, ಸರ್" ಎಂದಳು.

ಗಾಬರಿಯಾಗಬೇಡಿ. ಇದು ಇಂಟರ್ನ್‌ಶಿಪ್ಪಿನ ಇಂಟರ್‌ವ್ಯೂ ಅಲ್ಲ, ಅದರ ತಾಲೀಮು. ವಿಜಯವಾಡದ ಭವಾನಿಪುರಂನ ನಮ್ಮ ಮನೆಯ ಊಟದ ಟೇಬಲ್ಲೇ ಇಂಟರ್‌ವ್ಯೂ ಬೋರ್ಡು. ಮಗಳು ಪಲ್ಲವಿ ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಹತ್ತಿರದ ಕಾಲೇಜೊಂದರಲ್ಲಿ ಎಂ.ಬಿ.ಎ. ಓದುತ್ತಿದ್ದಾಳೆ. ಎರಡು ದಿನದ ರಜೆಗೆ ಬಂದಿದ್ದಳು. ಪ್ರಶ್ನೆ ಕೇಳುವ ಸಾಹೇಬ ನಾನು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಲುಂಗಿ. (ಟೇಬಲ್ಲಿನ ಕೆಳಗೆ ಯಾರು ನೋಡುತ್ತಾರೆ?)

ವಿಷಯ ಇಷ್ಟು. ಮೊದಲ ವರ್ಷ ಎಲ್ಲವನ್ನೂ ಓದುವ ಈ ಮಕ್ಕಳು ಎರಡನೇ ವರ್ಷಕ್ಕೆ ಒಂದನ್ನು ಆರಿಸಿಕೊಳ್ಳಬೇಕು. ಫೈನಾನ್ಸ್, ಮಾರ್ಕೆಟಿಂಗ್, ಎಚ್.ಆರ್., ಈಗ ಹೊಸದಾಗಿ ಅನಲಿಟಿಕ್ಸ್. ಬೇಸಿಗೆಯ ಎರಡು ತಿಂಗಳ ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತದೆ ಎನ್ನುವುದೂ ಅದರ ಮೇಲೆಯೇ. ಸೋಮವಾರ ಸಂಜೆಯೊಳಗೆ ಫಾರ್ಮ್ ತುಂಬಬೇಕು. ಒಮ್ಮೆ ತುಂಬಿದರೆ ಮುಗಿಯಿತು, ಬದಲಾಯಿಸುವಂತಿಲ್ಲ.

ಸಲಹೆಗೇನು ಬರವೇ? ಬೆಂಜ್ ಸರ್ಕಲ್ ಹತ್ತಿರದ ನಮ್ಮ ಬ್ಯಾಂಕಿನಲ್ಲಿ ಕ್ಯಾಶಿಯರ್ ಪ್ರಸಾದ್, "ಅನಲಿಟಿಕ್ಸ್ ತೀಸ್ಕೋಮನಂಡಿ ಸಾರ್" ಎಂದರು. ಅದನ್ನೇ ತಗೊಳ್ಳಲು ಹೇಳಿ ಅಂತ. ಅಂದರೆ ಏನು ಓದುತ್ತಾರೆ ಎಂದು ಕೇಳಿದೆ. ಅದು ಅವರಿಗೂ ಗೊತ್ತಿಲ್ಲ. ಎಲ್ಲರೂ ತಗೊಳ್ಳುತ್ತಿದ್ದಾರಂತೆ, ಅಷ್ಟೇ. ನನ್ನ ಓಟು ಫೈನಾನ್ಸಿಗೆ. ಬ್ಯಾಂಕಿನವನ ಮಗಳು ಇನ್ನೇನು ತಗೊಳ್ಳಬೇಕು?

ಪಲ್ಲವಿ ಎಚ್.ಆರ್. ಅಂದಳು.

ಎಚ್.ಆರ್.! ಲೆಕ್ಕಕ್ಕೆ ಹೆದರುವ ಹುಡುಗಿಯಲ್ಲ, ಅಕೌಂಟ್ಸಿನಲ್ಲಿ ಕ್ಲಾಸಿಗೇ ಮೊದಲು. ಎಚ್.ಆರ್. ಎಂದರೆ ನನಗೆ ಗೊತ್ತಿದ್ದದ್ದು ಹುಟ್ಟುಹಬ್ಬಕ್ಕೆ ಕೇಕ್ ತರಿಸುವುದು, ದೀಪಾವಳಿಗೆ ರಂಗೋಲಿ ಸ್ಪರ್ಧೆ ಇಡುವುದು. (ಎಚ್.ಆರ್.ನಲ್ಲಿರುವ ಓದುಗರು ಕ್ಷಮಿಸಬೇಕು.) ಯಾಕೆ ಅಂತ ಮೂರು ಸಲ ಕೇಳಿದೆ. ಮೂರು ಸಲವೂ "ಇಷ್ಟ ಅಪ್ಪಾ" ಎಂದಳು. ನನಗೋ ಕುತೂಹಲ ತಡೆಯಲಾಗಲಿಲ್ಲ. ತಾಲೀಮಿನ ನೆಪದಲ್ಲಿ ಬಾಯಿ ಬಿಡಿಸೋಣವೆಂದೇ ಈ ಲುಂಗಿ ಬೋರ್ಡು ಕೂಡಿಸಿದ್ದು.

"ಅಪ್ಪ ಹೆಂಗ ವೀಕ್‌ನೆಸ್ ಆಗ್ತಾನ?" ಎಂದೆ.

"ಅವರು ಹೇಳಿದ್ದಕ್ಕೆಲ್ಲಾ ಹೂಂ ಅಂದುಬಿಡ್ತೀನಿ ಸರ್. ಈ ಸಲ ಅನ್ನಬಾರದು ಅಂತ ಮಾಡೀನಿ."

"ಫುಲ್ ಮಾರ್ಕ್ಸ್ ಕೊಡ್ರಿ ಅಕಿಗೆ" ಎಂದು ಅಡುಗೆಮನೆಯಿಂದ ಹೆಂಡತಿ ಶೈಲಾ ನಕ್ಕಳು.

ಸೋಲೊಪ್ಪಲಿಲ್ಲ. "ನಿಮ್ಮ ಸ್ಟ್ರೆಂತ್?" ಎಂದೆ. ಇದರ ಉತ್ತರ ನಾನೇ ಬರೆದು ಬಾಯಿಪಾಠ ಮಾಡಿಸಿದ್ದು. ತಂದೆಯ ವರ್ಗಾವಣೆಯಿಂದಾಗಿ ಹುಬ್ಬಳ್ಳಿ, ಬಳ್ಳಾರಿ, ಅನಂತಪುರ, ವಿಶಾಖಪಟ್ಟಣ, ವಿಜಯವಾಡ ಹೀಗೆ ಐದು ಊರು, ಐದು ಸ್ಕೂಲು. ಆದ್ದರಿಂದ ಎಲ್ಲಿ ಬಿಟ್ಟರೂ ಹೊಂದಿಕೊಳ್ಳುವ ಗುಣ. ಇಂಟರ್‌ವ್ಯೂ ಮಾಡುವವರು ಮೂರ್ಛೆ ಹೋಗಬೇಕು, ಹಾಗಿತ್ತು ನನ್ನ ಇಂಗ್ಲಿಷ್. ಐದು ಸ್ಕೂಲಿನವರೆಗೆ ಚೆನ್ನಾಗಿಯೇ ಹೇಳಿದಳು. ಅಲ್ಲಿಗೆ ನಿಲ್ಲಿಸಿಬಿಟ್ಟಳು.

"ಕಾದು ಅಪ್ಪಾ" ಎಂದಳು. (ನಿಜಕ್ಕೂ ಸಿಟ್ಟು ಬಂದಾಗ ಮಗಳಿಗೆ 'ಅಲ್ಲ' ಎನ್ನುವುದು ತೆಲುಗಿನಲ್ಲೇ ಬರುತ್ತದೆ.) "ಇದು ಸುಳ್ಳದ. ನಾ ಎಲ್ಲೂ ಹೊಂದಿಕೊಳ್ಳಲಿಲ್ಲ. ಸುಮ್ಮನಿದ್ದೆ, ಅಷ್ಟ. ವೈಜಾಗ್‌ನ್ಯಾಗ ಒಂಬತ್ತನೇ ಕ್ಲಾಸ್ ಮುಗಿದಿತ್ತು. ಫಸ್ಟ್ ಟೈಮ್ ನನಗ ಖಾಸಾ ಗೆಳತ್ಯಾರು ಅಂತ ಮೂರು ಮಂದಿ ಇದ್ರು. ಹತ್ತನೇದು ಕೂಡೇ ಬರಿಯೋಣು ಅಂದಿದ್ವಿ. ಆರ್ಡರ್ ಬಂತು ಅಂದಿ ನೀ. ಇಲ್ಲಿ ಬಂದು ಒಂದು ವರ್ಷ ಒಬ್ಬಾಕಿನ ಕೂತು ಡಬ್ಬಿ ಉಂಡೀನಿ."

ನನಗೆ ಇದು ಗೊತ್ತೇ ಇರಲಿಲ್ಲ. ಅವಳು ವಿಶಾಖಪಟ್ಟಣಕ್ಕೆ ಓದಲು ಹೋಗುವ ತನಕ ಆರು ವರ್ಷ ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ.

"ಅದಕ್ಕ ಎಚ್.ಆರ್. ಬೇಕು. ಆ ಆರ್ಡರ್ ಯಾರೋ ಕಳಿಸಿರ್ತಾರಲ್ಲ, ಈ ಮನ್ಯಾಗ ಒಂದು ಹುಡುಗಿ ಹತ್ತನೇ ಕ್ಲಾಸಿಗೆ ಬಂದದ ಅಂತ ಅವರಿಗೆ ಗೊತ್ತಿತ್ತೇನು? ಅವರು ಹೆಂಗ ಡಿಸೈಡ್ ಮಾಡ್ತಾರ? ಆ ಕುರ್ಚಿ ಮ್ಯಾಲೆ ಕೂತು ನೋಡ್ಬೇಕು ನಾ."

ಈಗ ನಿಮಗೊಂದು ಗುಟ್ಟು ಹೇಳಬೇಕು.

ಬ್ಯಾಂಕಿನವರ ಮನೆಗಳಲ್ಲಿ ವರ್ಗಾವಣೆ ಎಂದರೆ ಹಣೆಬರಹ. "ಆರ್ಡರ್ ಬಂತು" ಎನ್ನುತ್ತೇವೆ. "ನಾನು ಒಪ್ಪಿಕೊಂಡೆ" ಎಂದು ಹೇಳಿದ ಒಬ್ಬನನ್ನೂ ನಾನು ನೋಡಿಲ್ಲ. ಆ ವರ್ಷ ನನ್ನ ಪ್ರಮೋಷನ್ ಜೊತೆ ಒಂದು ಕಾಗದವೂ ಬಂದಿತ್ತು. ಮಕ್ಕಳು ಹತ್ತನೇ ಕ್ಲಾಸಿಗೆ ಬಂದಿದ್ದರೆ ಇನ್ನೊಂದು ವರ್ಷ ಅಲ್ಲೇ ಇರಲು ಕೇಳಿಕೊಳ್ಳಬಹುದಿತ್ತು. ಹಾಗೆ ಕೇಳಿದರೆ ಪ್ರಮೋಷನ್ನೂ ಒಂದು ವರ್ಷ ಮುಂದಕ್ಕೆ. ನನ್ನ ಜೊತೆ ಸೇರಿದವರೆಲ್ಲ ಆಗಲೇ ಮ್ಯಾನೇಜರ್ ಆಗಿದ್ದರು. 'ಕೋರಿಕೆ ಇಲ್ಲ' ಎಂದು ಬರೆದು ಸಹಿ ಹಾಕಿದೆ. ಮನೆಗೆ ಬಂದು, ಮುಖ ಸಪ್ಪಗೆ ಮಾಡಿಕೊಂಡು, ಆರ್ಡರ್ ಬಂತು ಎಂದೆ. ಹೆಂಡತಿಗೂ ಹೇಳಿರಲಿಲ್ಲ.

ಮಗಳು ಹುಡುಕಹೊರಟ ಮನುಷ್ಯ ಎದುರಿಗೇ ಲುಂಗಿ ಉಟ್ಟು ಕೂತಿದ್ದ.

ಹೇಳದೆ ಸುಮ್ಮನಿರಬಹುದಿತ್ತು. ಆದರೆ ಮರುದಿನ ಸಂಜೆ ಅವಳು ತುಂಬುವ ಫಾರ್ಮು ನನ್ನ ಸುಳ್ಳಿನ ಮೇಲೆ ನಿಲ್ಲುತ್ತಿತ್ತು. ಹೇಳಿದರೆ ಎಚ್.ಆರ್. ಬಿಟ್ಟು ಫೈನಾನ್ಸ್ ತಗೊಂಡಾಳು ಎಂಬ ಆಸೆಯೂ ಒಳಗೆ ಇಣುಕಿತು. (ನಾಚಿಕೆಯಾಗುತ್ತದೆ. ಆದರೂ ಹೊಳೆದದ್ದು ಹೌದು.) ಅಂತೂ ಹೇಳಿದೆ. ಎಲ್ಲ ಹೇಳಿದೆ.

ಶೈಲಾ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ನನಗರೆ ಒಂದು ಮಾತು ಹೇಳಬಾರದಿತ್ತೇನ್ರಿ?" ಎಂದಳು.

ಪಲ್ಲವಿ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದಳು. "ಆ ಕಾಗದ ವಾಪಸ್ ತಗೊಂಡವರು, ಮನ್ಯಾಗ ಕೇಳಿ ಬರದೀರೇನ್ರಿ ಅಂತ ನಿನ್ನ ಕೇಳಲಿಲ್ಲಾ?"

"ಇಲ್ಲ."

"ಒಬ್ಬರೂ?"

"ಇಲ್ಲವ್ವಾ, ಒಬ್ಬರೂ ಕೇಳಲಿಲ್ಲ."

"ಹಂಗಾರ ನಾ ಎಚ್.ಆರ್.ನ ತಗೊಳ್ಳಾಕಿ" ಎಂದು ಫೋನ್ ತೆಗೆದು, ಅಲ್ಲೇ ಕೂತು ಫಾರ್ಮ್ ತುಂಬಿಬಿಟ್ಟಳು. ಸೋಮವಾರಕ್ಕೂ ಕಾಯಲಿಲ್ಲ. ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಸಂಜೆ ರೈಲಿಗೆ ಹತ್ತಿಸಲು ಹೋದಾಗ ಬ್ಯಾಗು ನನ್ನ ಕೈಗೆ ಕೊಡಲಿಲ್ಲ.

ಮರುದಿನ ಬ್ಯಾಂಕಿಗೆ ಒಬ್ಬರು ಬಂದರು. ಗಂಡ ಹೆಂಡತಿಯ ಜಾಯಿಂಟ್ ಅಕೌಂಟು, ಮುಚ್ಚಬೇಕಂತೆ. ಗಂಡನೊಬ್ಬನೇ ಬಂದಿದ್ದ. ಮನೆಯವರ ಸಹಿಯೂ ಬೇಕು ಎಂದು ಗಂಭೀರವಾಗಿ ಹೇಳಿ ವಾಪಸ್ ಕಳಿಸಿದೆ.

ಒಂದು ಅಕೌಂಟ್ ಮುಚ್ಚಲು ಇಬ್ಬರ ಸಹಿ ಬೇಕಾದರೆ, ಮೂವರಿದ್ದ ಮನೆಯನ್ನು ಎತ್ತಲು ಒಬ್ಬನ ಸಹಿ ಸಾಕೆಂದು ನನಗೆ ಹೇಳಿದವರು ಯಾರು?